ವಿದ್ಯಾರ್ಥಿನಿಲಯದ ನಿಯಮಗಳು: ಯಾರಿಗಾಗಿ, ಯಾತಕ್ಕಾಗಿ?

(ಸಂಘದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಂಘ ಆರಂಭಿಸಬೇಕೆಂದಿರುವ ವಿದ್ಯಾರ್ಥಿನಿಲಯದ ನಿಯಮಾವಳಿಯ ಕರಡು ಪ್ರತಿ ತಮ್ಮೆಲ್ಲರ ಕೈ ಸೇರಿದೆ. ಅದರ ಮೇಲೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯಕಾರಿ ಸಮಿತಿ ನನ್ನನ್ನು ಕೇಳಿಕೊಂಡಿದೆ. ನಾನು ಶಿಕ್ಷಣತಜ್ಞನಲ್ಲ. ಕೇಂದ್ರ ಸರಕಾರದ ಕಚೇರಿಗಳಲ್ಲಿ ಮೂರು ದಶಕಗಳನ್ನು ನಿಯಮ, ಉಪನಿಯಮ, ಸುತ್ತೋಲೆಗಳ ನಡುವೆ ಕಳೆದವನು. ನಿಯಮವೆಂಬುದು ಬರೆದವನ ಮನಸ್ಸಿನ ಕನ್ನಡಿ ಎಂಬ ಒಂದು ತಿಳಿವಳಿಕೆ ಅಷ್ಟರಿಂದ ನನಗೆ ಬಂದಿದೆ. ಯಾವ ಸಂಸ್ಥೆ ಯಾರನ್ನು ನಂಬುತ್ತದೆ, ಯಾರನ್ನು ಸಂಶಯಿಸುತ್ತದೆ, ಯಾರಿಗೆ ಹೆದರುತ್ತದೆ ಎಂಬುದನ್ನು ಅದರ ಧ್ಯೇಯವಾಕ್ಯಗಳಿಗಿಂತ ಅದರ ನಿಯಮಪುಸ್ತಕವೇ ಹೆಚ್ಚು ಪ್ರಾಮಾಣಿಕವಾಗಿ ಹೇಳಿಬಿಡುತ್ತದೆ. ಆದ್ದರಿಂದ ಈ ಕರಡನ್ನು ಆಡಳಿತದ ಒಂದು ಕಾಗದವೆಂದು ಬದಿಗಿಡದೆ, ನಮ್ಮ ಸಂಘ ತನ್ನನ್ನು ತಾನು ಏನೆಂದುಕೊಂಡಿದೆ ಎಂಬುದರ ಹೇಳಿಕೆಯೆಂದು ಓದಬೇಕೆಂದು ವಿನಂತಿಸುತ್ತೇನೆ.

ಮುಂಬಯಿಗೆ ಬಂದ ಕನ್ನಡಿಗನಿಗೆ ಮೊದಲು ಸಿಕ್ಕಿದ್ದು ಕೆಲಸ, ಅದರ ಜೊತೆಗೆ ಊಟ, ಎಲ್ಲಕ್ಕಿಂತ ಕೊನೆಗೆ ಮಲಗಲು ಜಾಗ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಹೋಟೆಲು ಮುಚ್ಚಿದ ಬಳಿಕ ಗಿರಾಕಿಗಳು ಉಂಡೆದ್ದ ಮೇಜಿನ ಮೇಲೆಯೇ ಮಲಗಿ ಮೆಟ್ರಿಕ್ ಮುಗಿಸಿದವರ ತಲೆಮಾರೊಂದು ಈ ನಗರದಲ್ಲಿತ್ತು. ಇಂದು ಈ ಸಭೆಯಲ್ಲಿಯೂ ಅಂಥ ಹಿರಿಯರಿದ್ದಾರೆ. ಅವರಿಗೆ ವಿದ್ಯಾರ್ಥಿನಿಲಯವಿರಲಿಲ್ಲ, ಧನಿಯ ಮಾತೇ ನಿಯಮವಾಗಿತ್ತು. ಇಂದು ಯಾದಗಿರಿಯಿಂದಲೋ ಕುಂದಾಪುರದಿಂದಲೋ ಇಲ್ಲಿಯ ಕಾಲೇಜಿಗೆ ಬರುವ ಹುಡುಗ ಹುಡುಗಿಯರಿಗೆ ಕಾಲೇಜಿನ ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ಉಳಿದದ್ದು ಒಂದು ಕೋಣೆಯಲ್ಲಿ ಐದಾರು ಜನರನ್ನು ತುಂಬುವ ಖಾಸಗಿ ಪಿ.ಜಿ.ಗಳು. ಅಲ್ಲಿಯೂ ಧನಿಯ ಮಾತೇ ನಿಯಮ. ಅದು ನಮ್ಮ ಮನೆಯಲ್ಲಿ ಹಾಗಾಗಬಾರದು ಎಂಬುದಕ್ಕಾಗಿಯೇ ನಾವು ಇಷ್ಟು ಹಣ ಕೂಡಿಸಿದ್ದೇವೆ.

ವಿದ್ಯಾರ್ಥಿಗೆ ಅನ್ನ ಮತ್ತು ಆಶ್ರಯ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ವಾರದ ಏಳು ದಿನ ಏಳು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ವಿದ್ವಾಂಸರ ಕಥೆಯೇ ಆಗಿದೆ. ಆದರೆ ವಾರಾನ್ನ ಎಲ್ಲ ಹುಡುಗರಿಗೂ ಸಿಗುತ್ತಿರಲಿಲ್ಲ. ಯಾವ ಮನೆಯ ಜಗುಲಿಯ ವರೆಗೆ ಯಾವ ಹುಡುಗ ಬರಬಹುದು ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಆ ಬಾಗಿಲು ತೆರೆಯದಿದ್ದವರಿಗಾಗಿಯೇ ಮಠಗಳ ಪ್ರಸಾದನಿಲಯಗಳು, ಸಮುದಾಯಗಳ ಉಚಿತ ಬೋರ್ಡಿಂಗುಗಳು ಹುಟ್ಟಿದವು. ತುಮಕೂರಿನ ಸಿದ್ಧಗಂಗೆಯ ದಾಸೋಹ ಎಷ್ಟು ಸಾವಿರ ಬಡ ಮಕ್ಕಳನ್ನು ಓದಿಸಿತೆಂಬುದು ನಾಡಿಗೇ ಗೊತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಇದೇ ಮುಂಬಯಿಯಲ್ಲಿ ಅದೇ ಹೆಸರಿನ ಇನ್ನೊಂದು ಮಿಷನ್ನನ್ನು ಕಟ್ಟಿ ಪರೇಲಿನಲ್ಲಿ ಶಾಲೆ ತೆರೆದರು. ಡಾ. ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣಿ ಸಭೆಯ ಆರಂಭದ ಕೆಲಸಗಳಲ್ಲಿ ಒಂದು, 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿನಿಲಯ. ಸೊಲ್ಲಾಪುರ ಇಂದಿಗೂ ಅರೆಗನ್ನಡದ ಊರೆಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ನಮಗೆ ಪಾಠವಾಗಬೇಕಾದದ್ದು ಕೊಲ್ಲಾಪುರದ ಉದಾಹರಣೆ. ಛತ್ರಪತಿ ಶಾಹೂ ಮಹಾರಾಜರು 1896ರಲ್ಲಿ ರಾಜಾರಾಮ್ ಕಾಲೇಜಿಗೆ ಹೊಂದಿಕೊಂಡು ಎಲ್ಲ ಜಾತಿಯವರಿಗೂ ಮುಕ್ತವಾದ ಒಂದು ವಿದ್ಯಾರ್ಥಿನಿಲಯವನ್ನು ತೆರೆದರು. ಕಾಗದದಲ್ಲಿ ಯಾರಿಗೂ ನಿಷೇಧವಿರಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಅಲ್ಲಿ ಉಳಿದವರು ಒಂದೇ ಜಾತಿಯ ವಿದ್ಯಾರ್ಥಿಗಳು. ಆಡಳಿತ ಮತ್ತು ಅಡುಗೆಮನೆ ಯಾರ ಕೈಯಲ್ಲಿದ್ದವೋ ಅವರದೇ ಮಕ್ಕಳು. ಇದನ್ನು ಕಂಡ ಮಹಾರಾಜರು ದಾರಿ ಬದಲಿಸಿ, 1901ರಲ್ಲಿ ಮರಾಠರಿಗಾಗಿ, ಅದೇ ವರ್ಷ ಜೈನರಿಗಾಗಿ, 1906ರಲ್ಲಿ ಮುಸಲ್ಮಾನರಿಗಾಗಿ, 1907ರಲ್ಲಿ ಲಿಂಗಾಯತರಿಗಾಗಿ, 1908ರಲ್ಲಿ ಅಸ್ಪೃಶ್ಯರೆನಿಸಿದವರಿಗಾಗಿ ಒಂದೊಂದೇ ವಸತಿಗೃಹವನ್ನು ನಿಲ್ಲಿಸಿದರು. ಕೊಲ್ಲಾಪುರಕ್ಕೆ ವಿದ್ಯಾರ್ಥಿನಿಲಯಗಳ ತಾಯಿ ಎಂಬ ಹೆಸರು ಬಂತು. ಮುಚ್ಚಿದ ಬಾಗಿಲಿನ ಮುಂದೆ ಅವರು ಇಟ್ಟ ಏಣಿ ಅದು. ಆದರೆ 1896ರ ಆ ಮೊದಲ ಪ್ರಯತ್ನ ಹೇಳುವ ಮಾತನ್ನು ನಾವು ಮರೆಯಬಾರದು. ನಿಯಮಪುಸ್ತಕದಲ್ಲಿ 'ಎಲ್ಲರಿಗೂ ಪ್ರವೇಶವುಂಟು' ಎಂದು ಬರೆದ ಮಾತ್ರಕ್ಕೆ ಮನೆ ಎಲ್ಲರದಾಗುವುದಿಲ್ಲ. ಮನೆ ಯಾರದೆಂಬುದು ಅಡುಗೆಮನೆಯಲ್ಲಿ, ಗೇಟಿನಲ್ಲಿ, ಅರ್ಜಿ ನಮೂನೆಯಲ್ಲಿ ನಿರ್ಧಾರವಾಗುತ್ತದೆ.

ಈಗ ನಮ್ಮ ಕರಡಿಗೆ ಬರುತ್ತೇನೆ. ಅರ್ಜಿ ನಮೂನೆಯಲ್ಲಿ 'ಜಾತಿ ಮತ್ತು ಉಪಜಾತಿ' ಎಂಬ ಒಂದು ಅಂಕಣವಿದೆ. ಜೊತೆಗೆ 'ಸಮುದಾಯದ ಗಣ್ಯರೊಬ್ಬರ ಶಿಫಾರಸು ಪತ್ರ' ಬೇಕೆಂದಿದೆ. ಶುಲ್ಕ ರಿಯಾಯಿತಿಗಾಗಿ, ಮೀಸಲು ಜಾಗಕ್ಕಾಗಿ ಜಾತಿ ಪ್ರಮಾಣಪತ್ರ ಕೇಳುವುದು ಬೇರೆ. ಅದಕ್ಕೆ ಕಾರಣವಿದೆ, ಅದನ್ನು ಬರೆಯಬೇಕು. ಏನೂ ಕಾರಣ ಹೇಳದೆ ಉಪಜಾತಿ ಕೇಳುವುದು ಬೇರೆ. ಮುಂಬಯಿಯಲ್ಲಿ ಜಾತಿಗೊಂದು ಸಂಘವಿದೆ, ಅವು ಮಾಡಿದ ವಿದ್ಯಾದಾನ ದೊಡ್ಡದು. ಅದನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ನಮ್ಮ ಸಂಘ ಭಾಷೆಯ ಹೆಸರಿನಲ್ಲಿ ಕೂಡಿದ್ದು. ಗಣ್ಯರ ಪರಿಚಯವಿಲ್ಲದ ಕೂಲಿಕಾರನ ಮಗಳು ಶಿಫಾರಸು ಪತ್ರವನ್ನು ಎಲ್ಲಿಂದ ತಂದಾಳು? ಈ ಎರಡು ಸಾಲು ತೆಗೆಯಬೇಕೆಂಬುದು ನನ್ನ ಮೊದಲ ಸೂಚನೆ.

ಎರಡನೆಯದು ಊಟದ ಕಲಮು. ಶಾಕಾಹಾರಿಗಳಿಗೆ ಪ್ರತ್ಯೇಕ ಸಾಲು, ಪ್ರತ್ಯೇಕ ತಟ್ಟೆ ಎಂದು ಕರಡು ಹೇಳುತ್ತದೆ. ಇದೇ ನಗರದ ಪೊವಾಯಿಯ ಐ.ಐ.ಟಿ.ಯಲ್ಲಿ ಈ ಪ್ರಶ್ನೆ ಎದ್ದುದನ್ನು ತಾವು ಪತ್ರಿಕೆಗಳಲ್ಲಿ ಓದಿದ್ದೀರಿ. 2018ರಲ್ಲಿ ಒಂದು ಹಾಸ್ಟೆಲಿನ ಮೆಸ್ಸಿನಲ್ಲಿ ಮಾಂಸಾಹಾರಿಗಳು ಬೇರೆ ತಟ್ಟೆ ಬಳಸಬೇಕೆಂಬ ಸೂಚನೆ ಚರ್ಚೆಗೆ ಬಂತು. 2023ರಲ್ಲಿ ಇನ್ನೊಂದು ಹಾಸ್ಟೆಲಿನ ಉಪಾಹಾರಗೃಹದಲ್ಲಿ ಶಾಕಾಹಾರಿಗಳು ಮಾತ್ರ ಕೂರಬೇಕೆಂಬ ಭಿತ್ತಿಪತ್ರ ಕಾಣಿಸಿತು. ಬಳಿಕ ಮೂರು ಹಾಸ್ಟೆಲುಗಳ ಸಾಮೂಹಿಕ ಮೆಸ್ಸಿನಲ್ಲಿ ಆರು ಮೇಜುಗಳನ್ನು ಶಾಕಾಹಾರಿಗಳಿಗೆಂದು ಕಾದಿರಿಸಲಾಯಿತು. ಆ ಮೇಜಿನಲ್ಲಿ ಕೂತು ಪ್ರತಿಭಟಿಸಿದ್ದಕ್ಕೆ 10,000 ರೂಪಾಯಿ ದಂಡ ಬಿದ್ದಿತೆಂದು ವರದಿಗಳು ಬಂದವು. ದೇಶದ ಅತ್ಯಂತ ಬುದ್ಧಿವಂತ ಮಕ್ಕಳು ಓದುವ ಜಾಗದಲ್ಲಿ ಹೀಗಾದರೆ ನಮ್ಮಂಥ ಚಿಕ್ಕ ಮನೆಯಲ್ಲಿ ಏನಾದೀತು?

ಇದು ರುಚಿಯ ಪ್ರಶ್ನೆ ಮಾತ್ರವಾಗಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಹಳೆಯ ಹೆಸರಿದೆ: ಪಂಕ್ತಿಭೇದ. ಮುಂಬಯಿಯ ಕನ್ನಡಿಗರಲ್ಲಿ ಕರಾವಳಿಯಿಂದ ಬಂದವರಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ಬಯಲುಸೀಮೆಯಿಂದ ಬಂದ ಅನೇಕರಿಗೆ ಮೀನಿನ ವಾಸನೆಯೇ ಸಹಿಸದು. ಎರಡೂ ಸತ್ಯ. ಸಹಿಸದವನ ಕಷ್ಟವನ್ನು ಕುಚೋದ್ಯವೆಂದು ತಳ್ಳಿಹಾಕಬೇಕಾಗಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬೇರೆ ಇರಲಿ, ಸೌಟು ಬೇರೆ ಇರಲಿ, ಬಡಿಸುವ ಕಟ್ಟೆ ಬೇರೆ ಇರಲಿ, ಅದು ವ್ಯವಸ್ಥೆ. ಆದರೆ ಬಡಿಸಿಕೊಂಡ ಬಳಿಕ ಯಾರು ಎಲ್ಲಿ ಕೂತು ಉಣ್ಣಬೇಕೆಂಬುದನ್ನು ನಿಯಮ ಹೇಳತೊಡಗಿದರೆ ಅದು ವ್ಯವಸ್ಥೆಯಲ್ಲ, ವರ್ಣನೆ. ಇವನು ಇಂಥವನು ಎಂಬ ವರ್ಣನೆ. ವಾಸನೆ ಸಹಿಸದವನು ತಾನಾಗಿ ಎದ್ದು ದೂರ ಕೂರಬಹುದು; ಇನ್ನೊಬ್ಬನನ್ನು ಎಬ್ಬಿಸುವ ಅಧಿಕಾರ ಅವನಿಗಿಲ್ಲ. ನಿಯಮ ಹೀಗಿರಲಿ: 'ಊಟದ ಮನೆಯ ಎಲ್ಲ ಮೇಜುಗಳೂ ಎಲ್ಲರವು.'

ಮೂರನೆಯದು ಗೇಟಿನ ಕಲಮು. ಇದರ ಮೇಲೆ ಭಿನ್ನಾಭಿಪ್ರಾಯ ಬಹಳವಿದೆಯೆಂದು ನನಗೆ ಗೊತ್ತು. ಹುಡುಗಿಯರು ರಾತ್ರಿ 8ರೊಳಗೆ, ಹುಡುಗರು 10-30ರೊಳಗೆ ಬರತಕ್ಕದ್ದು ಎಂದು ಕರಡಿನಲ್ಲಿದೆ. ನನ್ನ ಮಗಳು ಬೇರೊಂದು ನಗರದ ಹಾಸ್ಟೆಲಿನಲ್ಲಿದ್ದಾಗ ಅಲ್ಲಿಯೂ ಇಂಥದೇ ನಿಯಮವಿತ್ತು. ಗ್ರಂಥಾಲಯ ರಾತ್ರಿ 10ರ ವರೆಗೆ ತೆರೆದಿರುತ್ತಿತ್ತು. "ಅಪ್ಪಾ, ಕೊನೆಯ ಎರಡು ಗಂಟೆ ಆ ಪುಸ್ತಕಗಳು ಹುಡುಗರಿಗಾಗಿಯೇ ಅಲ್ಲವೆ?" ಎಂದು ಅವಳೊಮ್ಮೆ ಕೇಳಿದಳು. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಈ ಸಭೆಯಲ್ಲಿಯೂ ಯಾರಲ್ಲಿಯೂ ಇರಲಾರದು.

ಕಾನೂನಿನ ಮಾತು ಹೇಳುವುದಾದರೆ, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಮಾಡಿದ 2015ರ ವಿನಿಯಮಗಳು, ಸುರಕ್ಷತೆಯ ನೆಪದಲ್ಲಿ ಹಾಸ್ಟೆಲಿನ ವಿದ್ಯಾರ್ಥಿನಿಯರ ಮೇಲೆ ಪುರುಷ ವಿದ್ಯಾರ್ಥಿಗಳಿಗಿಲ್ಲದ ತಾರತಮ್ಯದ ನಿಯಮಗಳನ್ನು ಹೇರಬಾರದೆಂದು ಸ್ಪಷ್ಟವಾಗಿ ಹೇಳಿವೆ. ಅದೇ ವರ್ಷ ದಿಲ್ಲಿಯ ವಿದ್ಯಾರ್ಥಿನಿಯರು 'ಪಿಂಜ್ರಾ ತೋಡ್', ಎಂದರೆ ಪಂಜರ ಮುರಿಯಿರಿ, ಎಂಬ ಚಳವಳಿ ಹೂಡಿದರು. 2019ರಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂತು: ಸಂಜೆ 6ರಿಂದ ರಾತ್ರಿ 10ರ ವರೆಗೆ ಮೊಬೈಲು ಬಳಸಬಾರದೆಂಬ ನಿಯಮಕ್ಕೆ ಒಪ್ಪದ ಕಾರಣ ಕೋಳಿಕ್ಕೋಡ್ ಸಮೀಪದ ಕಾಲೇಜೊಂದರ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಿದ್ದರು. ಅಂತರಜಾಲವನ್ನು ಬಳಸುವುದು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ, ಅವಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ನ್ಯಾಯಾಲಯ ಆದೇಶಿಸಿತು. ನಮ್ಮದು ಕಾಲೇಜಿನ ಹಾಸ್ಟೆಲಲ್ಲ, ಸಂಘದ ಮನೆ. ಆಯೋಗದ ವಿನಿಯಮ ನಮ್ಮನ್ನು ಅಕ್ಷರಶಃ ಕಟ್ಟಿಹಾಕದೆಂದು ವಕೀಲರು ಹೇಳಬಹುದು. ಆದರೆ ಸರಕಾರ ತನ್ನ ಸಂಸ್ಥೆಗಳಿಗೆ ಅನ್ಯಾಯವೆಂದು ಹೇಳಿದ್ದನ್ನು ಸಂಸ್ಕೃತಿಯ ಹೆಸರು ಹೊತ್ತ ನಾವು ನ್ಯಾಯವೆಂದು ಹೇಳುವುದು ಹೇಗೆ?

ಇನ್ನೊಂದು ಪಕ್ಷದ ಮಾತಿನಲ್ಲಿಯೂ ಹುರುಳಿದೆ. ಹಳ್ಳಿಯ ತಂದೆ ತನ್ನ ಮಗಳನ್ನು ಇಷ್ಟು ದೂರ ಕಳಿಸಲು ಒಪ್ಪುವುದೇ 'ಎಂಟು ಗಂಟೆಗೆ ಗೇಟು ಹಾಕುತ್ತಾರೆ' ಎಂಬ ಒಂದು ಮಾತಿನ ಬಲದ ಮೇಲೆ. ಆ ಮಾತನ್ನು ತೆಗೆದರೆ ಅವಳ ಮುಂಬಯಿಯೇ ತಪ್ಪಿಹೋಗಬಹುದು. ಮಹಿಳಾ ಸಮಿತಿಯ ಹಿರಿಯರೊಬ್ಬರು ಇದನ್ನು ನನಗೆ ಹೇಳಿದಾಗ ನಾನು ಬಹಳ ಹೊತ್ತು ಯೋಚಿಸಿದೆ. ಆದರೆ ಬೀಗ ಮತ್ತು ಸುರಕ್ಷತೆ ಎರಡೂ ಒಂದೇ ಅಲ್ಲವೆಂಬುದಕ್ಕೆ ನಮ್ಮ ನಗರವೇ ಸಾಕ್ಷಿ. 2023ರ ಜೂನ್ ತಿಂಗಳಲ್ಲಿ ಚರ್ನಿ ರೋಡ್ ಬಳಿಯ ಸಾವಿತ್ರಿಬಾಯಿ ಫುಲೆ ಸರಕಾರಿ ವಿದ್ಯಾರ್ಥಿನಿಲಯದಲ್ಲಿ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ಪೊಲೀಸರು ಆರೋಪಿಯೆಂದು ಹೆಸರಿಸಿದ್ದು ಅಲ್ಲಿಯ ಕಾವಲಿನ ಕೆಲಸದಲ್ಲಿದ್ದವನನ್ನೇ. ಅವನೂ ಅಂದೇ ರೈಲು ಹಳಿಯ ಮೇಲೆ ಶವವಾಗಿ ಸಿಕ್ಕಿದ. ಆ ಮಗು ರಾತ್ರಿ ಹೊರಗೆ ತಿರುಗುತ್ತಿರಲಿಲ್ಲ, ತನ್ನ ಕೋಣೆಯಲ್ಲಿದ್ದಳು. ಗೇಟು ಹಾಕಿದ್ದರಿಂದ ಏನು ಉಳಿಯಿತು? ನೆಲಮಹಡಿಯ ದೀಪ, ಮಹಡಿಗೊಂದು ಕರೆಗಂಟೆ, ಅಲ್ಲೇ ವಾಸಿಸುವ ಮಹಿಳಾ ರೆಕ್ಟರ್, ನೌಕರರ ಪೂರ್ವಾಪರದ ಪರಿಶೀಲನೆ, ದೂರು ಬಂದಾಗ ಕಿವಿಗೊಡುವ ಮನಸ್ಸು: ಸುರಕ್ಷತೆ ಇರುವುದು ಇವುಗಳಲ್ಲಿ. ಇವಕ್ಕೆ ಹಣ ಬೇಕು, ಬೀಗಕ್ಕೆ ಬೇಡ. ಸಂಸ್ಥೆಗಳು ಬೀಗವನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನುಮಾನ.

ಮುಂಬಯಿ ಇನ್ನೊಂದು ಕಾರಣಕ್ಕೂ ಬೇರೆ. ಇಲ್ಲಿ ದೂರವನ್ನು ಅಳೆಯುವುದು ಮೈಲಿಯಲ್ಲಲ್ಲ, ಲೋಕಲ್ ಗಾಡಿಯ ಸಮಯದಲ್ಲಿ. ಸಂಜೆ 6ಕ್ಕೆ ತರಗತಿ ಬಿಟ್ಟು ಚರ್ಚ್‌ಗೇಟಿನಿಂದ ಹೊರಟವಳು ಎಷ್ಟು ಗಂಟೆಗೆ ತಲುಪುತ್ತಾಳೆಂಬುದು ಅವಳ ಕೈಯಲ್ಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಈ ನಗರದಲ್ಲಿ ಯಾರು ಯಾವ ಹೊತ್ತಿಗೆ ಮನೆ ಸೇರಿದರೆಂಬುದು ನಮ್ಮೆಲ್ಲರ ನೆನಪಿನಲ್ಲಿದೆ. ಅಂಥ ರಾತ್ರಿ ನೆನೆದು ಬಂದ ಹುಡುಗಿಗೆ 'ನಿಯಮ ಮೀರಿದ್ದೀಯೆ' ಎಂದು ಕಾವಲುಗಾರ ಹೇಳುವಂತಾದರೆ ನಾವು ಕಟ್ಟಿದ್ದು ಮನೆಯಲ್ಲ. ಆದ್ದರಿಂದ ನನ್ನ ಸೂಚನೆ ಇಷ್ಟು: ಎಲ್ಲರಿಗೂ ಒಂದೇ ಸಮಯ, ರಾತ್ರಿ 10-30. ತಡವಾಗುವುದಿದ್ದರೆ ರೆಕ್ಟರಿಗೆ ಒಂದು ಸಂದೇಶ. ತಡವಾಗಿ ಬಂದದ್ದನ್ನು ಮರುದಿನ ವಿಚಾರಿಸಬಹುದು. ಆದರೆ ನಿವಾಸಿಗೆ ಯಾವ ಕಾರಣಕ್ಕೂ ಯಾವ ಹೊತ್ತಿನಲ್ಲಿಯೂ ಗೇಟು ತೆರೆಯದೆ ಇರಬಾರದು. ಇದನ್ನು ಪಾಲಕರಿಗೆ ಮೊದಲೇ ವಿವರವಾಗಿ ತಿಳಿಸೋಣ. ಬೀಗದ ಭರವಸೆಯ ಬದಲು ಆ ತಂದೆಗೆ ರೆಕ್ಟರರ ದೂರವಾಣಿ ಸಂಖ್ಯೆ, ಸಂಘದ ಇಬ್ಬರು ಸದಸ್ಯರ ಮನೆಯ ವಿಳಾಸ ಕೊಡೋಣ. ಮನುಷ್ಯರ ಭರವಸೆ ಕಬ್ಬಿಣದ ಭರವಸೆಗಿಂತ ಹೆಚ್ಚೆಂದು ಹಳ್ಳಿಯ ತಂದೆಗೆ ನಾವು ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯದು ರ‍್ಯಾಗಿಂಗ್. ಕರಡಿನಲ್ಲಿ ಇದಕ್ಕೆ ಅರ್ಧ ಸಾಲು ಮಾತ್ರ ಇದೆ: 'ಹಿರಿಯ ಕಿರಿಯ ವಿದ್ಯಾರ್ಥಿಗಳು ಸೌಹಾರ್ದದಿಂದ ಇರತಕ್ಕದ್ದು.' ಇಲ್ಲಿ ಮೃದುತ್ವ ಸಲ್ಲದು. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯರ ಹೊಡೆತಕ್ಕೆ ಒಬ್ಬ ಹುಡುಗ ಸತ್ತ ಬಳಿಕ ಆಯೋಗ ಕಟ್ಟುನಿಟ್ಟಿನ ವಿನಿಯಮ ತಂದಿತು. ಈಗ ಪ್ರತಿ ವಿದ್ಯಾರ್ಥಿ ಮತ್ತು ಪಾಲಕ ಮುಚ್ಚಳಿಕೆ ಬರೆದುಕೊಡಬೇಕು. ನಮ್ಮ ಮಹಾರಾಷ್ಟ್ರದ ಕಾನೂನು ಅದಕ್ಕಿಂತ ಹತ್ತು ವರ್ಷ ಹಳೆಯದು. 1999ರ ಆ ಅಧಿನಿಯಮದಂತೆ ಶಿಕ್ಷಣ ಸಂಸ್ಥೆಯ ಒಳಗಾಗಲಿ ಹೊರಗಾಗಲಿ ರ‍್ಯಾಗಿಂಗ್ ಅಪರಾಧ. ಎರಡು ವರ್ಷಗಳ ವರೆಗೆ ಸೆರೆ, 10,000 ರೂಪಾಯಿಯ ವರೆಗೆ ದಂಡ. ದೂರು ಬಂದ ಏಳು ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಿಸಬೇಕು. ವಿಚಾರಿಸದೆ ಕೈಕಟ್ಟಿ ಕೂತವರೂ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆ. ಇಷ್ಟಿದ್ದೂ 2019ರ ಮೇ ತಿಂಗಳಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯ ವಸತಿನಿಲಯದ ಕೋಣೆಯಲ್ಲಿ ಆದಿವಾಸಿ ಸಮುದಾಯದ ಯುವ ವೈದ್ಯೆಯೊಬ್ಬರು ಜೀವ ಬಿಟ್ಟರು. ಹಿರಿಯ ಸಹೋದ್ಯೋಗಿಗಳ ಜಾತಿನಿಂದನೆ ಮತ್ತು ಕಿರುಕುಳದ ಆರೋಪದ ಮೇಲೆ ಮೊಕದ್ದಮೆ ಹೂಡಲಾಯಿತು. ಕಾನೂನು ಇಲ್ಲದೆ ಆದದ್ದಲ್ಲ ಇದು. ಕಾನೂನಿಗೂ ಕೋಣೆಯ ಬಾಗಿಲಿಗೂ ನಡುವೆ ನಡೆದುಬಂದು 'ಹೇಗಿದ್ದೀಯಮ್ಮ' ಎಂದು ಕೇಳುವವರು ಬೇಕು. ನಮ್ಮ ನಿಯಮಾವಳಿಯಲ್ಲಿ ದೂರು ಸ್ವೀಕರಿಸುವ ವ್ಯಕ್ತಿಯ ಹೆಸರಿರಲಿ, ಸಮಯದ ಮಿತಿಯಿರಲಿ, ದೂರು ಕೊಟ್ಟವರ ಹೆಸರನ್ನು ಗುಪ್ತವಾಗಿಡುವ ಮಾತಿರಲಿ. ರ‍್ಯಾಗಿಂಗ್ ವಿರೋಧಿ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-180-5522 ಪ್ರತಿ ಮಹಡಿಯ ಗೋಡೆಯ ಮೇಲಿರಲಿ.

ಐದನೆಯದು ಶಿಕ್ಷೆಯ ಕಲಮು. 'ಅನುಚಿತ ವರ್ತನೆ ತೋರಿದ ವಿದ್ಯಾರ್ಥಿಯನ್ನು 24 ತಾಸುಗಳೊಳಗೆ ಹೊರಹಾಕಲಾಗುವುದು. ಕಾರ್ಯಕಾರಿ ಸಮಿತಿಯ ತೀರ್ಮಾನವೇ ಅಂತಿಮ.' ಸ್ವಾಮಿ, ನನ್ನ ಕಚೇರಿಯಲ್ಲಿ ಒಬ್ಬ ಜವಾನನಿಗೆ ಅತ್ಯಂತ ಚಿಕ್ಕ ಶಿಕ್ಷೆಯಾದ ವಾಗ್ದಂಡನೆಯನ್ನು ವಿಧಿಸಬೇಕಾದರೂ 1965ರ ಕೇಂದ್ರ ನಾಗರಿಕ ಸೇವಾ ನಿಯಮಗಳಂತೆ ಆರೋಪವನ್ನು ಬರಹದಲ್ಲಿ ತಿಳಿಸಬೇಕು, ಅವನ ಉತ್ತರವನ್ನು ಕೇಳಬೇಕು, ಆ ಉತ್ತರವನ್ನು ಪರಿಗಣಿಸಿದ್ದೇನೆಂದು ಕಡತದಲ್ಲಿ ತೋರಿಸಬೇಕು. ಅದರ ಮೇಲೆ ಅವನಿಗೆ 45 ದಿನಗಳೊಳಗೆ ಮೇಲ್ಮನವಿಯ ಅವಕಾಶವುಂಟು. ಮೂವತ್ತು ವರ್ಷ ಸಂಬಳ ತೆಗೆದುಕೊಂಡ ನೌಕರನಿಗೆ ಇಷ್ಟು ರಕ್ಷಣೆ. ಹತ್ತೊಂಬತ್ತು ವರ್ಷದ, ಊರಿನಲ್ಲಿ ಯಾರೂ ಇಲ್ಲದ ಹುಡುಗನಿಗೆ ಪೆಟ್ಟಿಗೆ ಕಟ್ಟಲು 24 ತಾಸು! 'ಅನುಚಿತ' ಎಂದರೇನೆಂದು ಬರೆಯದಿದ್ದರೆ ಅದು ರೆಕ್ಟರರ ಮನಸ್ಸಿನ ಹವಾಮಾನವನ್ನು ಅವಲಂಬಿಸುತ್ತದೆ. ಯಾವುದು ತಪ್ಪು, ಯಾವ ತಪ್ಪಿಗೆ ಯಾವ ಶಿಕ್ಷೆ, ಯಾರ ಮುಂದೆ ಮನವಿ ಎಂಬುದನ್ನು ಬರೆಯೋಣ. ಮಾದಕ ವಸ್ತು, ಹಿಂಸೆ, ಕಿರುಕುಳಗಳಂಥ ಪ್ರಕರಣಗಳಲ್ಲಿ ಕೂಡಲೇ ಬೇರ್ಪಡಿಸುವ ಅಧಿಕಾರವಿರಲಿ. ಆಗಲೂ ವಿಚಾರಣೆ ಮುಗಿಯುವ ತನಕ ಅವನು ತಲೆಯಿಡಲು ಒಂದು ಜಾಗ ತೋರಿಸುವುದು ನಮ್ಮ ಹೊಣೆ.

ಇದಕ್ಕೆ ಸೇರಿದ ಇನ್ನೊಂದು ಮಾತು: ನಿಯಮಗಳನ್ನು ಮಾಡುವ ಸಮಿತಿಯಲ್ಲಿ ವಿದ್ಯಾರ್ಥಿಗಳ ಇಬ್ಬರು ಪ್ರತಿನಿಧಿಗಳಿರಬೇಕು, ಅವರಲ್ಲಿ ಒಬ್ಬಳು ಹುಡುಗಿ. ಮೆಸ್ಸಿನ ಲೆಕ್ಕ ತಿಂಗಳಿಗೊಮ್ಮೆ ಫಲಕದ ಮೇಲೆ ಬರಬೇಕು. ಇದು ಚಿಕ್ಕ ವಿಷಯವೆಂದು ತಿಳಿಯಬೇಡಿ. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಊಟದ ಶುಲ್ಕವನ್ನು ಶೇಕಡಾ 20ರಷ್ಟು ಏರಿಸಿದರು. ಅಲ್ಲಿ ಹೊತ್ತಿದ ಕಿಡಿ ನವನಿರ್ಮಾಣ ಚಳವಳಿಯಾಗಿ ಹಬ್ಬಿ, 1974ರ ಫೆಬ್ರವರಿಯಲ್ಲಿ ಗುಜರಾತಿನ ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆ ಕೊಟ್ಟರು. ಅನ್ನದ ಲೆಕ್ಕ ಕೇಳುವುದರಿಂದಲೇ ಪೌರತ್ವದ ಪಾಠ ಆರಂಭವಾಗುತ್ತದೆ. ಶುಲ್ಕದ ಬಗ್ಗೆ ಕೋಶಾಧಿಕಾರಿಗಳಿಗೆ ಒಂದು ಸಮಾಧಾನದ ಮಾತೂ ಉಂಟು: ಕಾಲೇಜಿನ ಆವರಣದ ಹೊರಗಿನ ಹಾಸ್ಟೆಲಿನಲ್ಲಿ ಕನಿಷ್ಠ 90 ದಿನ ಸತತವಾಗಿ ಇರುವವರಿಂದ ತಲಾ ತಿಂಗಳಿಗೆ 20,000 ರೂಪಾಯಿಯ ವರೆಗೆ ಪಡೆಯುವ ವಸತಿ ಶುಲ್ಕಕ್ಕೆ 2024ರಲ್ಲಿ ಜಿ.ಎಸ್.ಟಿ. ವಿನಾಯಿತಿ ದೊರೆಯಿತು. ತೆರಿಗೆಯ ಹೆಸರಿನಲ್ಲಿ ಶುಲ್ಕ ಏರಿಸುವ ಅಗತ್ಯ ನಮಗೆ ಬರದು.

ಕೊನೆಯದು ನಮ್ಮೆಲ್ಲರ ಪ್ರೀತಿಯ ಕಲಮು: 'ನಿಲಯದೊಳಗೆ ಕನ್ನಡವನ್ನೇ ಮಾತಾಡತಕ್ಕದ್ದು, ತಪ್ಪಿದಲ್ಲಿ 50 ರೂಪಾಯಿ ದಂಡ.' ಇದನ್ನು ಬರೆದವರ ಕಳಕಳಿ ನನಗೆ ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿಯೇ ಮೊಮ್ಮಕ್ಕಳು ಅಜ್ಜಿಯೊಡನೆ ಹಿಂದಿಯಲ್ಲಿ ಮಾತಾಡುವುದನ್ನು ಕಂಡು ಸಂಕಟಪಡದವರು ನಮ್ಮಲ್ಲಿ ಯಾರು? ಆದರೆ ಕನ್ನಡ ಮಾತಾಡಿದ್ದಕ್ಕೆ ಮಕ್ಕಳಿಗೆ ದಂಡ ಹಾಕುವ ಇಂಗ್ಲಿಷ್ ಶಾಲೆಗಳನ್ನು ಇದೇ ವೇದಿಕೆಯಿಂದ ನಾವು ಖಂಡಿಸುತ್ತ ಬಂದಿದ್ದೇವೆ. ಅದೇ ಬೆತ್ತವನ್ನು ನಾವು ಕೈಗೆತ್ತಿಕೊಂಡರೆ ಆ ಖಂಡನೆಗೆ ಬೆಲೆ ಏನು? ಬೀದರಿನ ಹುಡುಗನ ತಾಯ್ನುಡಿ ಉರ್ದುವಾಗಿರಬಹುದು, ಉಡುಪಿಯವಳದು ತುಳು, ಕಾರವಾರದವನದು ಕೊಂಕಣಿ. ಅವರೆಲ್ಲ ಕನ್ನಡದ ಮಕ್ಕಳೇ. ಕನ್ನಡ ಅಲ್ಲಿ ದಂಡದಿಂದ ಉಳಿಯದು. ಓದುವ ಕೋಣೆಯಲ್ಲಿ ನಾಲ್ಕು ಒಳ್ಳೆಯ ಕನ್ನಡ ಪತ್ರಿಕೆ, ಒಂದು ಕಪಾಟು ಪುಸ್ತಕ, ವರ್ಷಕ್ಕೆರಡು ನಾಟಕ ಇದ್ದರೆ ಉಳಿಯುತ್ತದೆ. ಅದರೊಡನೆ ಮರಾಠಿ ಕಲಿಸುವ ಒಂದು ತರಗತಿಯೂ ಇರಲಿ. ಅನ್ನ ಕೊಟ್ಟ ನೆಲದ ಮಾತನ್ನು ಕಲಿತವನು ತನ್ನ ಮಾತನ್ನು ಮರೆಯುವುದಿಲ್ಲವೆಂಬುದಕ್ಕೆ ಮುಂಬಯಿಯ ಹಳೆಯ ಕನ್ನಡಿಗರೇ ಪ್ರಮಾಣ.

ಮಹನೀಯರೆ, ನಿಯಮಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮವಿಲ್ಲದ ಮನೆಯಲ್ಲಿ ಬಲವಿದ್ದವನದೇ ನಿಯಮವಾಗುತ್ತದೆ. ಬಡವನಿಗೆ, ಒಂಟಿಯಾದವನಿಗೆ ಬರೆದಿಟ್ಟ ನಿಯಮವೇ ಆಸರೆ. ಅದಕ್ಕಾಗಿಯೇ ಪ್ರತಿ ಕಲಮನ್ನೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸೋಣ: ಇದು ಯಾರನ್ನು ಕಾಪಾಡುತ್ತದೆ? ಎಲ್ಲರಿಗೂ ಒಂದೇ ಆಗಿದೆಯೆ? ಇದು ತಪ್ಪೆನಿಸಿದವನು ಯಾರ ಬಳಿ ಹೋಗಿ ಹೇಳಬೇಕು? ಈ ಮೂರಕ್ಕೂ ಉತ್ತರವಿರುವ ಕಲಮುಗಳು ಉಳಿಯಲಿ, ಇಲ್ಲದವು ಹೋಗಲಿ.

ಕಟ್ಟಡ ಏಳಲು ಇನ್ನೂ ಕಾಲ ಬೇಕು. ಅಲ್ಲಿಯ ವರೆಗೆ ನಾವು ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಸಿಮೆಂಟೂ ಬೇಡ, ಸರಕಾರದ ಅನುದಾನವೂ ಬೇಡ. ಈ ನಗರದ ಎಷ್ಟೋ ಹಾಸ್ಟೆಲುಗಳು ಪ್ರವೇಶಕ್ಕೆ ಮುಂಬಯಿಯಲ್ಲಿರುವ ಒಬ್ಬ 'ಲೋಕಲ್ ಗಾರ್ಡಿಯನ್'ರ ಸಹಿ ಕೇಳುತ್ತವೆ. ಮುಂಬಯಿಯಲ್ಲಿ ಬಂಧುಗಳಿಲ್ಲದ ಹಳ್ಳಿಯ ಮಗುವಿಗೆ ಆ ಒಂದು ಸಹಿಯೇ ದೊಡ್ಡ ಗೋಡೆ. ಕೊಲಾಬಾದಿಂದ ಡೊಂಬಿವಲಿಯ ವರೆಗೆ ನಮ್ಮ ಸದಸ್ಯರಿದ್ದಾರೆ. ಜಾತಿ ಕೇಳದೆ, ಊರು ಕೇಳದೆ, ಒಬ್ಬೊಬ್ಬ ವಿದ್ಯಾರ್ಥಿಯ ಸ್ಥಳೀಯ ಪಾಲಕರಾಗಲು ಒಪ್ಪುವವರ ಒಂದು ಪಟ್ಟಿಯನ್ನು ಇಂದಿನ ಸಭೆಯಲ್ಲಿಯೇ ಆರಂಭಿಸಬೇಕೆಂದು ಸೂಚಿಸುತ್ತೇನೆ. ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇನೆ. ಅದರ ಮೊದಲ ಸಾಲಿನಲ್ಲಿ ನಾನೂ ನನ್ನ ಪತ್ನಿಯೂ ಸಹಿ ಮಾಡಿದ್ದೇವೆ. ಉಳಿದ ಸಾಲುಗಳು ತಮ್ಮವು.